ಸ ಎಡಗಾಲು, ಪ ಬಲಗಾಲು

ಬ್ಯಾಂಡಿನವರ ಮನೆಯಲ್ಲಿ ನಗೆಯ ಪ್ರಸಂಗಗಳಿಗೆ ಬರವಿಲ್ಲ. ತೊಂದರೆಯೆಂದರೆ ಅವು ದಿನ ನೋಡಿ ಬರುವುದಿಲ್ಲ. ನಗಬಾರದ ದಿನವೂ ಬಂದು ಬಾಗಿಲಲ್ಲಿ ನಿಲ್ಲುತ್ತವೆ.

೧. ಕೆಂಪು ಕೋಟು

ಅದೊಂದು ಸಾಧಾರಣ ಸೋಮವಾರ. ನಾನು ಐದನೇ ತರಗತಿಗೆ ಭಿನ್ನರಾಶಿ ಹೇಳುತ್ತಿದ್ದೆ. ನಮ್ಮದು ಕೊಟ್ಟೂರಿಗೆ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆ. ಅಂಶ ಯಾವುದು, ಛೇದ ಯಾವುದು ಎಂದು ಕೇಳುತ್ತಿರುವಾಗ ಮಕ್ಕಳ ಕಣ್ಣೆಲ್ಲ ಕಿಟಕಿಯ ಕಡೆ ಹೋಯಿತು. ಗೇಟಿನಲ್ಲಿ ಬ್ಯಾಂಡಿನ ಯಜಮಾನರು ನಿಂತಿದ್ದರು. ಕೆಂಪು ಕೋಟು, ಭುಜದ ಮೇಲೆ ಜರಿಯ ಗೊಂಡೆ, ತಲೆಯ ಮೇಲೆ ಗರಿಯ ಟೋಪಿ. ಮದುವೆಯ ಮೆರವಣಿಗೆಯ ಮುಂದೆ ಕ್ಲಾರಿನೆಟ್ ಊದುತ್ತ ಹೇಗಿರುತ್ತಾರೋ ಹಾಗೆಯೇ ಬಂದಿದ್ದರು. ಅವರ ಹಿಂದೆ ಮೂರು ಗಾಲಿಯ ಒಂದು ಟಂಟಂ ಗಾಡಿ. ಗಾಡಿಯಲ್ಲಿ ನಮ್ಮ ಮನೆಯವರ ಟ್ಯೂಬಾ ಮಾತ್ರ ಇತ್ತು. ನಮ್ಮ ಮನೆಯವರು ಇರಲಿಲ್ಲ.

ಟ್ಯೂಬಾ ನೋಡದವರಿಗೆ ಹೇಳುತ್ತೇನೆ: ಬ್ಯಾಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಹಿತ್ತಾಳೆಯ ವಾದ್ಯ ಅದು. ಹೆಬ್ಬಾವಿನ ಹಾಗೆ ಮೈಗೆ ಸುತ್ತಿಕೊಂಡು, ಬಾಯಿಯನ್ನು ತಲೆಯ ಮೇಲೆ ತೆರೆದುಕೊಂಡಿರುತ್ತದೆ. ನಮ್ಮ ಶಾಲೆಯ ಮಕ್ಕಳು ಅದಕ್ಕೆ ಆನೆ ತುತ್ತೂರಿ ಎನ್ನುತ್ತಾರೆ.

ಆನೆ ತುತ್ತೂರಿ ಬಂದದ್ದೇ ತಡ, ಮಕ್ಕಳು ಅಂಗಳಕ್ಕೆ ಇಳಿದರು.

"ಅಜ್ಜಾರ, ಯಾವ ಹಾಡು ಬಾರಿಸ್ತೀರಿ?"

"ಅಜ್ಜಾರ, ಕುಣಿಯೋದು ಬಾರಸ್ರಿ!"

ಹೆಡ್ ಮಾಸ್ತರರು ಕನ್ನಡಕ ಏರಿಸಿಕೊಂಡು ಹೊರಗೆ ಬಂದರು. "ಬ್ಯಾಂಡ್ ಯಾರು ಹೇಳ್ಯಾರ್ರಿ? ಇವತ್ತು ಯಾವ ಜಯಂತಿ ಐತಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಕ್ಯಾಲೆಂಡರ್ ನೋಡತೊಡಗಿದರು. ಜಯಂತಿಯೊಂದನ್ನು ಮರೆತರೆ ಮೇಲಿನವರಿಂದ ನೋಟೀಸು ಬರುತ್ತದೆ.

ಯಜಮಾನರು ನನ್ನ ಹತ್ತಿರ ಬಂದು ಟೋಪಿ ತೆಗೆದರು. "ಟೀಚರ್, ಹಗರಿಬೊಮ್ಮನಹಳ್ಳ್ಯಾಗ ಮದುವಿ ಇತ್ರಿ. ಟ್ಯೂಬಾದಾಗ ಸ ಬಂತ್ರಿ. ಪ ಬರಲಿಲ್ರಿ. ಉಸಿರು ತಗೊಳ್ಳಾಕ ಹತ್ಯಾನ ಅನಕೊಂಡ್ವಿ. ತಿರುಗಿ ನೋಡಿದ್ರ ಕಲ್ಯಾಣ ಮಂಟಪದ ಮೆಟ್ಟಿಲ ಮ್ಯಾಲ ಕುಂತಾನ, ಟ್ಯೂಬಾನ ಅಪ್ಪಿಕೊಂಡಾನ. ಆಮ್ಯಾಲ ಏಳಲಿಲ್ರಿ."

ನಾನು ಸೀಮೆಸುಣ್ಣವನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯ ಮುಚ್ಚಳ ಹಾಕಿ, ಟಂಟಂ ಹತ್ತಿ ಟ್ಯೂಬಾದ ಪಕ್ಕ ಕುಳಿತೆ. ಟೀಚರ್ ಬ್ಯಾಂಡಿನ ಸಂಗಡ ಹೊರಟರೆಂದು ಮಕ್ಕಳೆಲ್ಲ ಚಪ್ಪಾಳೆ ತಟ್ಟಿ ಕಳಿಸಿಕೊಟ್ಟರು.

೨. ಎರಡು ಸ್ವರಕ್ಕೆ ಎರಡು ಹೋಳಿಗೆ

ನಮ್ಮ ಮನೆಯವರು ಬಾಳೆಲ್ಲ ಊದಿದ್ದು ಎರಡೇ ಸ್ವರ. ಒಂದು ಸ, ಇನ್ನೊಂದು ಅದರ ಕೆಳಗಿನ ಮಂದ್ರದ ಪ. ಕ್ಲಾರಿನೆಟ್ಟಿನವರು ಭಕ್ತಿಗೀತೆ ಊದಲಿ, ಸಿನಿಮಾ ಹಾಡು ಊದಲಿ, ಇವರದು ಭೋಂ, ಪೋಂ, ಭೋಂ, ಪೋಂ. ಮದುವೆಯಾದ ಹೊಸದರಲ್ಲಿ ನಾನು, "ಇನ್ನೊಂದು ಸ್ವರ ಕಲೀಬಾರದೇನು?" ಎಂದಿದ್ದೆ. "ಗೋಡಿಗೆ ಬಣ್ಣ ಎಷ್ಟಾದ್ರೂ ಇರ್ಲಿ, ನೆಲ ಒಂದ ಇರ್ಬೇಕು," ಎಂದಿದ್ದರು. ಆಮೇಲೆ ನಾನು ಕೇಳಲಿಲ್ಲ.

ಕೇಳಿದವರು ಹಡಗಲಿ ಕಡೆಯ ಇಟ್ಟಿಗಿಯ ಒಬ್ಬ ಹಿರಿಯರು. ಅವರ ಮೊಮ್ಮಗಳ ಮದುವೆ. ಊಟದ ಪಂಕ್ತಿಯ ಉಸ್ತುವಾರಿ ಅವರದೇ. ಬೆಳಗಿನಿಂದ ಬ್ಯಾಂಡಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು, ಯಾರು ಎಷ್ಟು ಊದುತ್ತಾರೆ ಎಂದು ನೋಡಿದ್ದರು. ಬ್ಯಾಂಡಿನವರ ಪಂಕ್ತಿ ಕುಳಿತಾಗ ಹೋಳಿಗೆಯ ಬುಟ್ಟಿಯ ಹಿಂದೆಯೇ ಬಂದರು.

"ಈತ ಕ್ಲಾರಿನೆಟ್ಟಿನಾಂವ. ಬೆರಳು ಕಾಣದಂಗ ಆಡಸ್ಯಾನ. ಹಾಕು, ಬೇಕಾದಷ್ಟು ಹಾಕು. ಈತ ಡೋಲಿನಾಂವ, ಹಾಕು. ಈ ಆನಿ ಸೊಂಡಿಲದಾಂವ ಮುಂಜಾನಿಂದ ಎರಡ ಮಾತು ಹೇಳ್ಯಾನ. ಎರಡು ಹಾಕು, ಸಾಕು."

ಬ್ಯಾಂಡಿನ ಯಜಮಾನರು ನಡುವೆ ಬಂದರು. "ಗೌಡ್ರ, ಆತ ನಿಲ್ಲಿಸಿದ್ರ ನಿಮ್ಮ ಬೀಗರ ಕಾಲು ನಿಲ್ತಾವ್ರಿ."

"ನಿಲ್ಲಲಿ ಬಿಡು. ಅವ್ರು ಕುಣಿಯೋದು ನನಗೂ ಸಾಕಾಗೈತಿ."

ನಮ್ಮ ಮನೆಯವರು ಎರಡು ಹೋಳಿಗೆ ತಿಂದು ಎದ್ದರು. ಸಂಜೆಯ ಮೆರವಣಿಗೆಯಲ್ಲಿ ಸ ಮಾತ್ರ ಊದಿದರು. ಪ ಬರಬೇಕಾದ ಕಡೆ ಸುಮ್ಮನೆ ಆಕಾಶ ನೋಡಿದರು. ಬೀಗರು ಒಂದು ಹೆಜ್ಜೆ ಸರಿಯಾಗಿ ಇಡುವುದು, ಇನ್ನೊಂದನ್ನು ಎಲ್ಲಿಡಬೇಕೆಂದು ತಿಳಿಯದೆ ಜೋಲಿ ಹೊಡೆಯುವುದು. ಸ್ವಲ್ಪ ಹೊತ್ತಿಗೆ ಮೆರವಣಿಗೆಯೇ ಕುಂಟತೊಡಗಿತು. ಮುಂದೆ ಕೋಲು ಹಿಡಿದು ಗತ್ತಿನಲ್ಲಿ ನಡೆಯುತ್ತಿದ್ದ ಹಿರಿಯರೂ ಸ ಬಂದಾಗ ಕೋಲೂರಿ, ಪ ಬರಲೆಂದು ಕಾಲೆತ್ತಿ, ಚರಂಡಿಯ ಅಂಚಿಗೆ ಬಂದು ನಿಂತರು.

"ಏಯ್, ಎರಡನೇದು ಎಲ್ಲಿ ಹೋತು?"

"ಮಧ್ಯಾಹ್ನ ಪಂಕ್ತ್ಯಾಗ ಉಳೀತ್ರಿ," ಎಂದರು ಯಜಮಾನರು.

ಹಿರಿಯರು ಅಲ್ಲಿಯೇ ಮೆರವಣಿಗೆ ನಿಲ್ಲಿಸಿ ಹೋಳಿಗೆಯ ಬುಟ್ಟಿಯನ್ನು ತರಿಸಿದರು. ಅದು ಮುಗಿಯುವ ತನಕ ಪಕ್ಕದಲ್ಲಿ ನಿಂತು ಬಡಿಸಿದರು. ಆ ರಾತ್ರಿ ಮನೆಗೆ ಬಂದು ಹೊಟ್ಟೆ ಹಿಡಿದು ಮಲಗಿದ ನಮ್ಮ ಮನೆಯವರು, "ಆ ಮುದುಕನ ಲೆಕ್ಕ ಸರಿ ಇತ್ತು ನೋಡು. ಎರಡ ಸಾಕಾಗಿತ್ತು," ಎಂದರು.

೩. ಕರೆಯದೆ ಬಂದ ಬೀಗರು

ಟ್ಯೂಬಾ ಭಾರದ ವಾದ್ಯವಾದ್ದರಿಂದ ಅದನ್ನು ಹೊತ್ತವನು ಮೆರವಣಿಗೆಯಲ್ಲಿ ಎಲ್ಲರಿಗಿಂತ ಹಿಂದೆ ಬೀಳುತ್ತಾನೆ. ಗುಡೇಕೋಟೆಯ ಕಡೆ ಒಂದು ಮದುವೆಯಲ್ಲಿ ಹಾಗೆಯೇ ಹಿಂದೆ ಬಿದ್ದು ಭೋಂ, ಪೋಂ ಎನ್ನುತ್ತ ಬರುತ್ತಿದ್ದರು. ಗುಡ್ಡದ ಬುಡದಲ್ಲಿ ಮೇಯುತ್ತಿದ್ದ ಕುರಿಗಳಿಗೆ ಅದರಲ್ಲಿ ಏನು ಕೇಳಿಸಿತೋ ಗೊತ್ತಿಲ್ಲ. ಒಂದು ತಲೆ ಎತ್ತಿತು, ಅದರ ಹಿಂದೆ ಇನ್ನೊಂದು. ಕುರಿಗಳ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಚಪ್ಪರದ ಮುಂದೆ ಬ್ಯಾಂಡು ನಿಂತು ತಿರುಗಿದಾಗ ವರನ ಕಡೆಯವರಿಗಿಂತ ದೊಡ್ಡ ದಿಬ್ಬಣ ಹಿಂದೆ ಬಂದಿತ್ತು. ಬಂದವರು ಸುಮ್ಮನೆ ನಿಲ್ಲದೆ ಚಪ್ಪರದ ಬಾಳೆಕಂಬಕ್ಕೆ ಬಾಯಿ ಹಾಕಿದರು.

ಕುರಿಗಾರ ಕೋಲು ಬೀಸುತ್ತ ಓಡಿಬಂದ. "ಯಾವನಲೇ ಅವ, ನನ್ನ ಕುರಿ ಹೊಡಕೊಂಡು ಬಂದಾಂವ?"

"ನಾ ಹೊಡಕೊಂಡು ಬಂದಿಲ್ಲಪ್ಪ. ಊದಕೋಂತ ಬಂದೀನಿ."

"ಊದಿದ್ರ ಕುರಿ ಬರ್ತಾವೇನು? ನನಗ ಹೇಳ್ತಿಯಾ? ಹುಟ್ಟಿದಾಗಿಂದ ಕುರ್ಯಾಗ ಅದೀನಿ. ಊದು ನೋಡೋಣ."

ಊದಿದರು. ಇನ್ನೊಂದು ಓಣಿಯಲ್ಲಿ ಚದುರಿದ್ದ ಕುರಿಗಳೂ ಬಂದವು. ಕುರಿಗಾರ ಕೋಲು ಕಂಕುಳಲ್ಲಿಟ್ಟು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ತೀರ್ಪು ಕೊಟ್ಟ: "ಕರಕೊಂಡು ಬಂದಾಂವ ನೀನು. ಬಿಟ್ಟು ಬರಾಂವನೂ ನೀನ."

ಹೀಗೆ ಲಗ್ನದ ಮುಹೂರ್ತ ಹತ್ತಿರ ಬಂದಾಗ ನಮ್ಮ ಮನೆಯವರು ಟ್ಯೂಬಾ ಹೊತ್ತು ಎರಡು ಸ್ವರ ಊದುತ್ತ ಹಟ್ಟಿಯ ದಾರಿ ಹಿಡಿದರು. ಕುರಿಗಳು ಶಿಸ್ತಿನಿಂದ ಹಿಂದೆ ನಡೆದವು. ಹಟ್ಟಿ ತಲುಪಿ ತಿರುಗಿ ನೋಡಿದರೆ, ಎಲ್ಲಕ್ಕಿಂತ ಕೊನೆಯ ಕುರಿಯ ಹಿಂದೆ ವರನ ಸೋದರಮಾವ ಒಬ್ಬನೇ ಕುಣಿಯುತ್ತ ಬಂದಿದ್ದ.

೪. ಮೂರನೇದಾಕಿ

ನಮ್ಮ ಪಕ್ಕದ ಮನೆಯಾಕೆ ಹರಪನಹಳ್ಳಿಯ ಕಡೆಯವರು. ಒಳ್ಳೆಯ ಮನಸ್ಸು, ಚುರುಕು ಕಿವಿ. ಒಂದು ಸಂಜೆ ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದವರು ಕೈ ಹಿಡಿದು ಒಳಗೆ ಕರೆದರು.

"ಟೀಚರ್, ನಾನು ಹೇಳಬಾರದು. ಆದ್ರೂ ಹೇಳ್ತೀನಿ. ನೀವು ಶಾಲೆಗೆ ಹೋದ ಕೂಡ್ಲೇ ನಿಮ್ಮ ಮನೆಯವ್ರು ಒಳಗೆ ಯಾರನ್ನೋ ಮುದ್ದು ಮಾಡ್ತಾರೆ."

ನಾನು ಚೀಲ ಕೆಳಗಿಟ್ಟೆ.

"ಗೋಡೆ ಆಚೆಯಿಂದ ನನ್ನ ಕಿವಿಯಾರೆ ಕೇಳಿದೀನಿ. 'ಇಳಿಯವ್ವ, ನನ್ನ ಬಂಗಾರ, ಇಳಿ' ಅಂತಾರೆ. ಒಂದೊಂದು ದಿನ ಬೈತಾರೆ. ನಿನ್ನೆ ಯಾರ ಹತ್ರಾನೋ ಹೇಳ್ತಿದ್ರು, 'ಮೂರನೇದಾಕಿ ಬಾಳ ಕಾಡ್ತಾಳ, ಎರಡನೇದಾಕಿ ಪಾಪ ಯಾವುದಕ್ಕೂ ಬರಂಗಿಲ್ಲ' ಅಂತ."

"ಮೊದಲನೇದಾಕಿ?"

"ಅಯ್ಯೋ, ಅದು ನೀವೇ ಅಲ್ವೇನ್ರಿ!"

ಮನೆಗೆ ಹೋಗಿ ವಿಚಾರಿಸಿದೆ. ನಮ್ಮ ಮನೆಯವರು ಟ್ಯೂಬಾ ತಂದು ತೋರಿಸಿದರು. ಅದಕ್ಕೆ ಮೂರು ಗುಂಡಿಗಳು. ಸ ಊದಲು ಯಾವ ಗುಂಡಿಯೂ ಬೇಡ, ತುಟಿ ಸಾಕು. ಪ ಊದಬೇಕಾದರೆ ಮೊದಲನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಒತ್ತಬೇಕು, ತುಟಿ ಸಡಿಲ ಬಿಡಬೇಕು, ಎರಡು ಪಟ್ಟು ಉಸಿರು ಕೊಡಬೇಕು. ನಡುವಿನ ಗುಂಡಿಗೆ ಕೆಲಸವಿಲ್ಲ. ಮೂರನೆಯದು ಆಗಾಗ ಕೆಳಗಿಳಿಯದೆ ಹಟ ಹಿಡಿಯುತ್ತದೆ. ಅದಕ್ಕೆ ಬಿಸಿ ಉಸಿರು ಬಿಟ್ಟು, ಬೆರಳ ಗೆಣ್ಣಿನಿಂದ ತಟ್ಟಿ, ಒಳ್ಳೆಯ ಮಾತು ಹೇಳಿ, ಹೊಲಿಗೆ ಯಂತ್ರದ ಎಣ್ಣೆ ಬಿಡಬೇಕು.

"ಒಳ್ಳೆ ಮಾತು ಯಾಕೆ? ಎಣ್ಣೆ ಸಾಲದೇನು?" ಎಂದೆ.

"ಎಣ್ಣಿಗೆ ಇಳೀತೈತಿ. ಮಾತಿಗೆ ಮತ್ತ ಏಳ್ತೈತಿ."

ಮರುದಿನ ಪಕ್ಕದ ಮನೆಯಾಕೆಯನ್ನು ಕರೆದು ಮೂವರನ್ನೂ ಪರಿಚಯ ಮಾಡಿಕೊಟ್ಟೆ. ಅಂದಿನಿಂದ ಆಕೆ ಹಾಲು ತೆಗೆದುಕೊಳ್ಳಲು ಬಾಗಿಲಿಗೆ ಬಂದಾಗಲೆಲ್ಲ ನನ್ನ ಆರೋಗ್ಯ ಕೇಳುವ ಮೊದಲು, "ಮೂರನೇದಾಕಿ ಹೇಗಿದಾಳೆ?" ಎನ್ನುತ್ತಿದ್ದರು.

೫. ಸಲಹೆಗಳು

ನಮ್ಮ ಮನೆಯವರು ಹೋದ ಮೇಲೆ ಮಾತನಾಡಿಸಲು ಬಂದವರೆಲ್ಲ ಮೊದಲು ನನ್ನನ್ನು ನೋಡುತ್ತಿದ್ದರು, ಆಮೇಲೆ ಮೂಲೆಯಲ್ಲಿದ್ದ ಟ್ಯೂಬಾವನ್ನು. ನನಗೆ ಏನು ಹೇಳಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಟ್ಯೂಬಾದ ವಿಷಯದಲ್ಲಿ ಎಲ್ಲರಿಗೂ ತಿಳಿದಿತ್ತು.

"ಮಣ್ಣು ತುಂಬಿ ತುಳಸಿ ಹಚ್ರಿ. ಪುಣ್ಯ ಬರ್ತೈತಿ."

"ಮನ್ಯಾಗ ಇಟಗೋಬ್ಯಾಡ್ರಿ. ಸತ್ತವರ ಉಸಿರು ಒಳಗ ಉಳದಿರ್ತೈತಿ."

ದೂರದ ಸಂಬಂಧಿಯೊಬ್ಬರು ಅದರ ಮುಂದೆ ಕುಳಿತು ಬಿಕ್ಕಿ ಬಿಕ್ಕಿ ಅತ್ತರು. ಕಣ್ಣೊರೆಸಿಕೊಂಡು, "ಇದರ ಬಾಯಿ ಕೊಯ್ದ್ರ ಒಂದು ಚಂದದ ಹಂಡೆ ಆಗ್ತೈತಿ," ಎಂದರು. ನಮ್ಮ ಹೆಡ್ ಮಾಸ್ತರರು ಮಾತ್ರ ಸಂಕೋಚದ ಮನುಷ್ಯ. ಹೊರಡುವಾಗ, "ಶಾಲೆಗೆ ಒಂದು ಕಸದ ಬುಟ್ಟಿ ಬೇಕಾಗಿತ್ತು," ಎಂದು ನೆಲ ನೋಡುತ್ತ ಹೇಳಿದರು.

ಕೊನೆಗೆ ಯಜಮಾನರು ಬಂದರು. ಈ ಸಲ ಬಿಳಿ ಅಂಗಿಯಲ್ಲಿ.

"ಟೀಚರ್, ಅದು ಬ್ಯಾಂಡಿನ ಸಾಮಾನು. ಕೇಳಾಕ ನನಗ ಬಾಯಿ ಬರವಲ್ದು. ಆದ್ರ ಈಗಿನ ಹುಡುಗ್ರು ಯಾರೂ ಅದನ್ನ ಹೊರಂಗಿಲ್ಲ. 'ಇಷ್ಟು ಭಾರ ಹೊತ್ತು ಎರಡ ಸ್ವರ ಊದೋದೇನು' ಅಂತಾರ. ಕೀಬೋರ್ಡಿನ್ಯಾಗ ಒಂದು ಗುಂಡಿ ಒತ್ತಿಬಿಟ್ರ ಭೋಂ ಪೋಂ ತಾನ ಬರ್ತೈತಂತ. ಹರಪನಹಳ್ಳಿ ಹಿತ್ತಾಳಿ ಸಾವಕಾರಗ ಹೇಳೀನಿ. ಜನವರಿ ಇಪ್ಪತ್ತಾರಕ್ಕ ನಮ್ಮ ಬ್ಯಾಂಡು ಕೊಟ್ಟೂರು ಮೈದಾನದಾಗ ಇರ್ತೈತಿ, ಅವತ್ತು ಬಂದು ಒಯ್ತಾನ. ಒಡದು ಕರಗಿಸ್ತಾನ."

"ಊದುವವರು ಸಿಕ್ಕರೆ?"

"ಅಷ್ಟರಾಗ ಯಾರಾದ್ರೂ ಆ ಮೈದಾನದಾಗ ನಾಕು ಮಂದಿ ಮುಂದ ಸ, ಪ ಎರಡೂ ಸರಿಯಾಗಿ ಊದಿದ್ರ, ಅದು ಅವರದ. ನಾ ಕೈ ಹಚ್ಚಂಗಿಲ್ಲ. ಆದ್ರ ಯಾರು ಅದಾರ್ರಿ?"

"ನಾನಿದ್ದೇನೆ," ಎಂದೆ.

ಯಜಮಾನರು ನಗಲಿಲ್ಲ. ನನ್ನನ್ನೂ ಟ್ಯೂಬಾವನ್ನೂ ಒಂದರ ಪಕ್ಕ ಒಂದಿಟ್ಟು ಅಳೆಯುವವರ ಹಾಗೆ ನೋಡಿ, "ಟೀಚರ್, ಅದು ನಿಮಗಿಂತ ದಪ್ಪ ಐತ್ರಿ," ಎಂದರು.

೬. ಶಿಸ್ತು

ನಮ್ಮ ಪಿ.ಟಿ. ಮಾಸ್ತರರಿಗೆ ಆ ವರ್ಷ ಒಂದು ಕಷ್ಟ ಬಂದಿತ್ತು. ಇಪ್ಪತ್ತಾರಕ್ಕೆ ಕೊಟ್ಟೂರಿನ ಮೈದಾನದಲ್ಲಿ ನಡೆಯಬೇಕಾದ ಕವಾಯತಿನ ಡ್ರಮ್ಮಿನ ಚರ್ಮವನ್ನು ಇಲಿ ತಿಂದಿತ್ತು. ಮಕ್ಕಳಿಗೆ ಎಡ-ಬಲ ಹೇಳಿ ಹೇಳಿ ಅವರ ಗಂಟಲು ಹೋಗಿತ್ತು. ನಾನು ಟ್ಯೂಬಾದ ಮಾತು ಹೇಳಿದಾಗ ಅವರು, ಸನ್ನೆಯ ಮೂಲಕವೇ, ಒಪ್ಪಿಕೊಂಡರು.

ಮೊದಲ ದಿನ ಶಾಲೆಯ ಅಂಗಳದಲ್ಲಿ ನಾನು ಊದಿದ ಮೊದಲ ಪ ಕೇಳಿ ಒಂದನೇ ತರಗತಿಯ ಮಕ್ಕಳು ಶಾಲೆ ಬಿಟ್ಟಿತೆಂದು ಮನೆಗೆ ಹೋದರು. ಎರಡನೆಯ ದಿನ ಶಾಲೆಯ ಹಿಂದಿನ ಮನೆಯ ಎಮ್ಮೆ ಉತ್ತರ ಕೊಟ್ಟಿತು. ಎಮ್ಮೆಯದು ನನಗಿಂತ ಶುದ್ಧವಾಗಿತ್ತು. ಸ ಬೇಗ ಬಂತು. ಪ ಸತಾಯಿಸಿತು. ತುಟಿ ಬಿಗಿ ಹಿಡಿದರೆ ಅದು ಬರುವುದಿಲ್ಲ; ಸಡಿಲ ಬಿಟ್ಟರೆ ಇನ್ನೇನೇನೋ ಬರುತ್ತದೆ. ಆ ದಿನಗಳಲ್ಲಿ ನನಗೆ ಸಡಿಲ ಬಿಡುವುದು ಕಷ್ಟವಾಗಿತ್ತು.

ಸ ಎಂದರೆ ಎಡಗಾಲು, ಪ ಎಂದರೆ ಬಲಗಾಲು. ಪಿ.ಟಿ. ಮಾಸ್ತರರು ಗಂಟಲು ಬಂದ ಕೂಡಲೆ ಒಂದು ಕಟ್ಟುನಿಟ್ಟಿನ ನಿಯಮ ಮಾಡಿದರು: "ಸ್ವರ ಬರದ ಕಾಲು ಇಡಬಾರದು. ಆಕಾಶ ಬಿದ್ರೂ ಸೈ. ಇಟ್ಟಾಂವಗ ಮೈದಾನ ಸುತ್ತೋದು." ಮಕ್ಕಳು ಇದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಒಂದು ದಿನ ಮೂತ್ರಕ್ಕೆಂದು ಬಿಟ್ಟ ಆರನೇ ತರಗತಿ ಮರಳಿ ಬರಲಿಲ್ಲ. ರಸ್ತೆಯಲ್ಲಿ ಮದುವೆಯ ಮೆರವಣಿಗೆಯೊಂದು ಸ್ಪೀಕರಿನಲ್ಲಿ ಭೋಂ ಪೋಂ ಹಾಕಿಕೊಂಡು ಹೋಗಿತ್ತು. ತರಗತಿಯೇ ಸಾಲಾಗಿ ಅದರ ಹಿಂದೆ ನಡೆದು, ಚಪ್ಪರ ತಲುಪಿ, ಉಂಡು, ಕೈಯಲ್ಲಿ ಲಾಡು ಹಿಡಿದು ಬಂತು. ಹೆಡ್ ಮಾಸ್ತರರು ಸಿಟ್ಟಾದರು. ಪಿ.ಟಿ. ಮಾಸ್ತರರು ಹೆಮ್ಮೆಯಿಂದ, "ಸರ್, ನಾ ವಿಚಾರಿಸೀನಿ. ದಾರಿಯುದ್ದಕ್ಕೂ ಎಡ-ಬಲ ತಪ್ಪಿಲ್ಲ," ಎಂದರು.

ಶಾಲಾ ಸಮಿತಿಯ ಸದಸ್ಯರೊಬ್ಬರಿಗೆ ಬೇರೆ ಆತಂಕವಿತ್ತು. "ಗಣರಾಜ್ಯೋತ್ಸವ ಅಂದ್ರ ಶುಭದ ದಿನ. ಗಂಡ ಹೋದಾಕಿ ಎಲ್ಲರ ಮುಂದ ನಿಲ್ಲೋದು ಚಂದ ಕಾಣಂಗಿಲ್ಲ," ಎಂದು ಹೇಳಿಕಳಿಸಿದರು. ಪಿ.ಟಿ. ಮಾಸ್ತರರು ಅವರನ್ನೇ ಕವಾಯತಿಗೆ ಕರೆತಂದರು. ನಾನು ಟ್ಯೂಬಾ ತೊಟ್ಟು ನಿಂತೆ. ಅವರು ಮುಂದಿನಿಂದ ನೋಡಿದರು, ಪಕ್ಕದಿಂದ ನೋಡಿದರು, ಬಗ್ಗಿ ನೋಡಿದರು. ಹಿತ್ತಾಳೆಯ ಕೆಳಗೆ ಎರಡು ಚಪ್ಪಲಿ ಬಿಟ್ಟರೆ ಬೇರೇನೂ ಕಾಣಿಸಲಿಲ್ಲ.

"ಹಂಗಾದ್ರ ಅಡ್ಡಿ ಇಲ್ಲ ಬಿಡ್ರಿ," ಎಂದು ಸಮಾಧಾನದಿಂದ ಹೋದರು.

೭. ವೃಕ್ಷಾಸನ

ಇಪ್ಪತ್ತಾರರ ಬೆಳಿಗ್ಗೆ ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿ ಖಾಲಿಯಾಗಿತ್ತು. ಅಂಗಡಿಗಳು ತೆರೆದಿರಲಿಲ್ಲ. ಮನೆಯಲ್ಲಿ ಕೊಬ್ಬರಿ ಎಣ್ಣೆ ಇತ್ತು. ಚಳಿಗೆ ಹೆಪ್ಪುಗಟ್ಟಿದ್ದರಿಂದ ಒಲೆಯ ಪಕ್ಕ ಇಟ್ಟು ಕರಗಿಸಿ, ಮೂರೂ ಗುಂಡಿಗಳಿಗೆ ಬಿಟ್ಟೆ. ಒತ್ತಿ ನೋಡಿದೆ; ಬೆಣ್ಣೆಯ ಹಾಗೆ ಇಳಿದವು. ಹಿಂದಿನ ವಾರವಷ್ಟೇ ಇದೇ ಸೀಸೆಯನ್ನು ಮೇಜಿನ ಮೇಲಿಟ್ಟು, ಶಾಖಕ್ಕೆ ದ್ರವ, ಶೀತಕ್ಕೆ ಘನ ಎಂದು ಐದನೇ ತರಗತಿಗೆ ಪಾಠ ಮಾಡಿದ್ದೆ. ಮಕ್ಕಳಿಗೆ ಚೆನ್ನಾಗಿ ಅರ್ಥವಾಗಿತ್ತು.

ಕೊಟ್ಟೂರಿನ ಮೈದಾನದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಮುಖ್ಯ ಅತಿಥಿಗಳು ತಡವಾಗಿ ಬಂದರು. ತಡವಾಗಿ ಬಂದದ್ದಕ್ಕೆ ಕಾರಣವನ್ನು ದೀರ್ಘವಾಗಿ ಹೇಳಿದರು. ಅಷ್ಟು ಹೊತ್ತೂ ಟ್ಯೂಬಾ ಗಾಳಿಗೆ ಮೈಯೊಡ್ಡಿ ತಣ್ಣಗೆ ನಿಂತಿತ್ತು, ಅದರೊಳಗೆ ನಾನೂ. ಒಂದು ಕಡೆ ಯಜಮಾನರು ಕೆಂಪು ಕೋಟಿನಲ್ಲಿ, ಬಂಡಿಯ ಮೇಲೆ ಕೀಬೋರ್ಡ್ ಇಟ್ಟುಕೊಂಡು ನಿಂತಿದ್ದರು. ಅವರ ಪಕ್ಕ ಹರಪನಹಳ್ಳಿಯ ಹಿತ್ತಾಳೆ ಸಾಹುಕಾರರು, ಕಂಕುಳಲ್ಲಿ ಗೋಣಿಚೀಲ. ಇನ್ನೊಂದು ಕಡೆ ಹೆಂಗಸರ ಸಾಲಿನಲ್ಲಿ ನಮ್ಮ ಪಕ್ಕದ ಮನೆಯಾಕೆ.

ನಮ್ಮ ಶಾಲೆಯ ಸರದಿ ಬಂತು. ವೇದಿಕೆಯ ಎದುರಿಗೆ ಸಾಲು ನಿಂತಿತು. ಪಿ.ಟಿ. ಮಾಸ್ತರರು ಕೈ ಬೀಸಿದರು. ನಾನು ಊದಿದೆ.

ಸ ಬಂತು. ಮಕ್ಕಳೆಲ್ಲ ಒಟ್ಟಿಗೆ ಎಡಗಾಲು ಇಟ್ಟು, ಬಲಗಾಲು ಎತ್ತಿದರು.

ನಾನು ಗುಂಡಿಗಳನ್ನು ಒತ್ತಿದೆ. ಮೊದಲನೆಯದು ಇಳಿಯಿತು. ಮೂರನೆಯದು ಇಳಿಯಲಿಲ್ಲ. ಕೊಬ್ಬರಿ ಎಣ್ಣೆ ನಾನು ಕಲಿಸಿದ ಪಾಠವನ್ನು ತಪ್ಪದೆ ಒಪ್ಪಿಸಿತ್ತು.

ಅದಿಲ್ಲದೆ ಊದಿದರೆ ಏನೋ ಒಂದು ಧ್ವನಿ ಬರುತ್ತದೆ. ಆದರೆ ಅದು ಪ ಆಗುವುದಿಲ್ಲ. ನಾನು ಊದಲಿಲ್ಲ. ಮಕ್ಕಳು ಕಾಲು ಇಡಲಿಲ್ಲ. ಸಾಲಿಗೆ ಸಾಲೇ ಒಂಟಿಕಾಲಿನಲ್ಲಿ, ಕೆರೆಯ ಕೊಕ್ಕರೆಗಳ ಹಾಗೆ, ಕೊಟ್ಟೂರಿನ ಎಲ್ಲ ಅಧಿಕಾರಿಗಳ ಎದುರಿಗೆ ನಿಂತಿತು. ಪಿ.ಟಿ. ಮಾಸ್ತರರ ಬೀಸಿದ ಕೈ ಗಾಳಿಯಲ್ಲೇ ಉಳಿಯಿತು. ಮೈದಾನ ಮೌನವಾಯಿತು.

ನಿರೂಪಣೆ ಮಾಡುತ್ತಿದ್ದವರು ಅನುಭವಸ್ಥರು. ಮೌನ ಅವರಿಗೆ ಆಗದು. ಒಂದು ಸಲ ಕೆಮ್ಮಿ, ಮೈಕು ಹತ್ತಿರ ಎಳೆದುಕೊಂಡು, "ಈಗ ಮಕ್ಕಳಿಂದ ಸಾಮೂಹಿಕ ವೃಕ್ಷಾಸನ!" ಎಂದರು.

ಮೈದಾನ ಚಪ್ಪಾಳೆಯಿಂದ ತುಂಬಿತು. ಮುಖ್ಯ ಅತಿಥಿಗಳು ಎದ್ದು ನಿಂತರು. ಅವರು ಎದ್ದದ್ದನ್ನು ನೋಡಿ ವೇದಿಕೆಯೆಲ್ಲ ಎದ್ದಿತು. "ಎಂಥಾ ಏಕಾಗ್ರತೆ! ಒಬ್ಬರೂ ಅಲುಗಾಡ್ತಿಲ್ಲ ನೋಡಿ," ಎಂದರು ನಿರೂಪಕರು. ನಮ್ಮ ನಂತರ ಬರಬೇಕಾಗಿದ್ದ ಶಾಲೆಯ ಮಾಸ್ತರರು ತಮ್ಮ ಮಕ್ಕಳಿಗೆ ಗುಟ್ಟಾಗಿ, "ನೀವೂ ಎತ್ರಿ ಲೇ, ನೀವೂ ಎತ್ರಿ," ಎಂದರು. ಹೀಗೆ ಇನ್ನೊಂದು ಶಾಲೆಯೂ ಕಾಲೆತ್ತಿತು.

ಸಾಹುಕಾರರು ಗೋಣಿಚೀಲ ಬಿಡಿಸಿದರು. ಯಜಮಾನರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಸ ಬಂದು ಪ ಬಾರದಿದ್ದದ್ದನ್ನು ಅವರು ಇನ್ನೊಮ್ಮೆ ಕೇಳಿದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ನಾನು ಮೂರನೆಯ ಗುಂಡಿಯ ಮೇಲೆ ಬಾಗಿದೆ. ಬಿಸಿ ಉಸಿರು ಬಿಟ್ಟೆ. ಗೆಣ್ಣಿನಿಂದ ತಟ್ಟಿದೆ. ಇನ್ನೊಮ್ಮೆ ಉಸಿರು ಬಿಟ್ಟೆ. ಆಮೇಲೆ, ಇಷ್ಟು ವರ್ಷ ಯಾವ ಮಾತಿಗೆ ನಗುತ್ತಿದ್ದೆನೋ ಅದೇ ಮಾತನ್ನು ಹೇಳಿದೆ. ಪ್ರಾರ್ಥನೆ ಹಾಡುವ ಮಕ್ಕಳಿಗೆಂದು ಅಲ್ಲಿ ನಿಲ್ಲಿಸಿದ್ದ ಮೈಕು ನನ್ನ ಪಕ್ಕದಲ್ಲೇ ಇತ್ತು, ನಾನು ನೋಡಿರಲಿಲ್ಲ.

"ಇಳಿಯವ್ವ, ನನ್ನ ಬಂಗಾರ, ಇಳಿ," ಎಂದು ಮೈದಾನದ ನಾಲ್ಕೂ ಮೂಲೆಯ ಸ್ಪೀಕರುಗಳು ಹೇಳಿದವು.

ಹೆಂಗಸರ ಸಾಲಿನಿಂದ ಪಕ್ಕದ ಮನೆಯಾಕೆ ಎದ್ದು ನಿಂತು, ಪಕ್ಕದಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿದರು: "ಮೂರನೇದಾಕಿ! ಮೂರನೇದಾಕಿ ಹಟ ಹಿಡಿದಿದಾಳೆ! ಇನ್ನೊಂದು ಸಲ ಹೇಳ್ರಿ ಟೀಚರ್, ಕೇಳ್ತಾಳೆ!"

ಇನ್ನೊಂದು ಸಲ ಹೇಳಿದೆ. ಗುಂಡಿ ಇಳಿಯಿತು. ತುಟಿ ಸಡಿಲ ಬಿಟ್ಟು ಊದಿದೆ.

ಮಕ್ಕಳು ಬಲಗಾಲು ಇಟ್ಟರು.